ಬಾಲದ ತುದಿಯ ಮುಳ್ಳು

ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಿಬಿಡಿ. ಚಿಕ್ಕವಳಿದ್ದಾಗ ತಂಗಿಗೆ ಹೊಸ ಬಟ್ಟೆ ತಂದರೆ ಎರಡು ದಿನ ಊಟ ಬಿಡುತ್ತಿದ್ದೆನಂತೆ. ಅಮ್ಮ ಸಾಯುವವರೆಗೂ ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ಆದರೆ ಐವತ್ತಾರು ದಾಟಿದ ಮೇಲೆ, ಅದೂ ಒಂದು ಕುರ್ಚಿಗಾಗಿ, ಹೊಟ್ಟೆ ಇಷ್ಟು ಉರಿಯುತ್ತದೆ ಅಂತ ನಾನೇ ಅಂದುಕೊಂಡಿರಲಿಲ್ಲ.

ಆ ಕುರ್ಚಿ ಇರುವುದು ನಾನು ಕೆಲಸ ಮಾಡುವ ಪ್ರಾಣಿ ಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ. ಮುಂದಿನ ಹಾಲಿಗೆ ಜನ ಬರುತ್ತಾರೆ, ತಿಮಿಂಗಿಲದ ಮೂಳೆ ನೋಡಿ ಬಾಯಿ ಬಿಡುತ್ತಾರೆ, ಹೋಗುತ್ತಾರೆ. ಹಿಂದಿನ ಕೋಣೆಯ ಕಡೆ ಯಾರೂ ತಲೆ ಹಾಕುವುದಿಲ್ಲ. ಅಲ್ಲಿ ನೆಲದಿಂದ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಗಾಜಿನ ಜಾಡಿ, ಜಾಡಿಯ ತುಂಬ ಸ್ಪಿರಿಟ್ಟು, ಸ್ಪಿರಿಟ್ಟಿನೊಳಗೆ ಹಾವು. ಇಪ್ಪತ್ತೇಳು ವರ್ಷದಿಂದ ಆ ಜಾಡಿಗಳನ್ನು ನೋಡಿಕೊಳ್ಳುತ್ತಿರುವ ನನ್ನನ್ನು ಎಲ್ಲರೂ ಜಾಡಿಯಮ್ಮ ಅನ್ನುತ್ತಾರೆ. ಸಂಬಳದ ಪಟ್ಟಿ ಬಿಟ್ಟರೆ ನನ್ನ ನಿಜವಾದ ಹೆಸರು ಯಾರಿಗೂ ನೆನಪಿಲ್ಲ.

ಹಾವು ಅಂದರೆ ಹೆಡೆ ಎತ್ತಿ ಬುಸ್ ಅನ್ನುವಂಥದ್ದಲ್ಲ. ಎರೆಹುಳು ಅಂತ ಜನ ಕಾಲಲ್ಲಿ ಪಕ್ಕಕ್ಕೆ ತಳ್ಳುವ, ಗೇಣುದ್ದವೂ ಇಲ್ಲದ ಹುಳುಹಾವು. ಮಣ್ಣೊಳಗೇ ಹುಟ್ಟಿ ಮಣ್ಣೊಳಗೇ ಮುಗಿಯುವ ಬಾಳು ಅದರದು. ಇರುವೆ, ಗೆದ್ದಲಿನ ಗೂಡಿಗೆ ನುಗ್ಗಿ ಅವುಗಳ ಮೊಟ್ಟೆ, ಮರಿ ತಿಂದು ಬದುಕುತ್ತದೆ. ಕಣ್ಣು ಇದೆ ಅಂದರೆ ಇದೆ, ಇಲ್ಲ ಅಂದರೆ ಇಲ್ಲ. ಮೀನಿನಂತೆ ಮೈ ಹೊದ್ದ ಹುರುಪೆಯ ಕೆಳಗೆ ಎರಡು ಕಪ್ಪು ಚುಕ್ಕಿ. ಬೆಳಕು ಯಾವುದು ಕತ್ತಲೆ ಯಾವುದು ಅಂತ ಗೊತ್ತಾದರೆ ಅದೇ ಹೆಚ್ಚು. ತಲೆ ಯಾವ ಕಡೆ, ಬಾಲ ಯಾವ ಕಡೆ ಅಂತ ಮೊದಲ ಸಲ ನೋಡಿದವರಿಗೆ ತಿಳಿಯುವುದಿಲ್ಲ. ಬಾಲದ ತುದಿಯಲ್ಲಿ ಒಂದು ಚಿಕ್ಕ ಮುಳ್ಳಿರುತ್ತದೆ. ಹಿಡಿದರೆ ಅದನ್ನು ಕೈಗೆ ಒತ್ತುತ್ತದೆ. ವಿಷ ಗಿಷ ಏನೂ ಇಲ್ಲ, ಆದರೂ ಹಿಡಿದವರು ಹೌಹಾರಿ ಬಿಟ್ಟುಬಿಡುತ್ತಾರೆ. ಈ ಮುಳ್ಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನಮ್ಮಲ್ಲಿ ಹೆಚ್ಚಾಗಿ ಸಿಗುವ ಹುಳುಹಾವಿನ ಜಾತಿಯಲ್ಲಿ ಗಂಡೇ ಇಲ್ಲ. ಇರುವವೆಲ್ಲ ಹೆಣ್ಣು. ಯಾರ ಹಂಗೂ ಇಲ್ಲದೆ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಹೂಕುಂಡದ ಮಣ್ಣಿನಲ್ಲಿ ಒಂದೇ ಒಂದು ಸೇರಿಕೊಂಡು ಹಡಗು ಹತ್ತಿದರೂ ಸಾಕು, ಇಳಿದ ಕಡೆ ಸಂಸಾರ ಶುರು. ಇದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಯಜಮಾನರು ಹೊಲಿಗೆ ಮೆಷಿನ್ ನಿಲ್ಲಿಸಿ, "ಅದಕ್ಕೇ ಅವು ನೆಮ್ಮದಿಯಾಗಿವೆ ಬಿಡು" ಅಂದಿದ್ದರು.

ಯಜಮಾನರು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅವರ ಕೊರಳಲ್ಲಿ ನೇತಾಡುವ ಟೇಪಿನ ಮೊದಲ ಇಂಚು ಯಾವ ಕಾಲದಲ್ಲೋ ಹರಿದುಹೋಗಿದೆ. ಮೂವತ್ತು ಇಂಚಿನ ಸೊಂಟಕ್ಕೆ ಅದು ಮೂವತ್ತೊಂದು ತೋರಿಸುತ್ತದೆ; ಇವರು ಮನಸ್ಸಿನಲ್ಲೇ ಒಂದು ಕಳೆದು ಕತ್ತರಿ ಹಾಕುತ್ತಾರೆ. ಒಮ್ಮೆ ನನ್ನ ತಂಗಿ ನೋಡಲಾರದೆ ಹೊಸ ಟೇಪು ತಂದುಕೊಟ್ಟಳು. ಅಭ್ಯಾಸ ಬಿಡುತ್ತದೆಯೇ? ಅದರಲ್ಲೂ ಒಂದು ಕಳೆದರು. ಬ್ಯಾಂಕಿನ ಗುಮಾಸ್ತರ ಪ್ಯಾಂಟು ಹಿಮ್ಮಡಿ ಬಿಟ್ಟು ಮೇಲೆ ನಿಂತಿತು. ಹೊಸ ಟೇಪು ಅಂದೇ ಕಸದ ಬುಟ್ಟಿ ಸೇರಿತು.

ಈಗ ನಮ್ಮ ಕೋಣೆಯ ಕೆಲಸಕ್ಕೆ ಬರುತ್ತೇನೆ. ಹುಳುಹಾವುಗಳೆಲ್ಲ ನೋಡಲು ಒಂದೇ ಥರ. ಯಾವುದು ಯಾವ ಬಗೆ ಅಂತ ತಿಳಿಯಬೇಕಾದರೆ ಹುರುಪೆ ಎಣಿಸಬೇಕು. ಮೈ ಸುತ್ತ ಎಷ್ಟು, ಬೆನ್ನುದ್ದಕ್ಕೆ ಎಷ್ಟು, ಬಾಲದ ಕೆಳಗೆ ಎಷ್ಟು. ಬಾಲದ್ದೇ ಕಷ್ಟ. ಇಡೀ ಬಾಲ ನನ್ನ ಕಿರುಬೆರಳಿನ ಉಗುರಿನಷ್ಟಿಲ್ಲ, ಅದರ ಕೆಳಗೆ ಹತ್ತು ಹನ್ನೊಂದು ಹುರುಪೆ. ಮೈಕ್ರೋಸ್ಕೋಪಿನ ಕೆಳಗೆ ಇಟ್ಟು, ಸೂಜಿಯ ಮೊನೆಯಲ್ಲಿ ಒಂದೊಂದನ್ನೇ ಮುಟ್ಟಿ, ಉಸಿರು ಬಿಗಿಹಿಡಿದು ಎಣಿಸಬೇಕು.

ಇದಕ್ಕೆ ನಮ್ಮ ಮೇಷ್ಟ್ರು ಮಾಡಿದ ಒಂದು ಕಟ್ಟುಪಾಡಿದೆ. ಮೇಷ್ಟ್ರು ಅಂದರೆ ಹಾವಿನ ವಿಭಾಗದ ಹಿರಿಯರು. ಹುಳುಹಾವಿನ ಬಗ್ಗೆ ಅವರು ಬರೆದ ಪುಸ್ತಕಗಳೇ ಒಂದು ಸಾಲು ಇವೆ. ಅವರ ಪ್ರಕಾರ ಒಂದೊಂದು ಹಾವನ್ನೂ ಇಬ್ಬರು ಬೇರೆ ಬೇರೆ ಎಣಿಸಬೇಕು. ಅಂಕೆಯನ್ನು ಚೀಟಿಯಲ್ಲಿ ಬರೆದು, ಮಡಿಸಿ, ತಂತಮ್ಮ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಶನಿವಾರ ಮೇಷ್ಟ್ರು ಎರಡೂ ಡಬ್ಬಿ ತೆರೆದು ಹೊಂದಿಸಿ ನೋಡುತ್ತಾರೆ. ಒಬ್ಬರ ಚೀಟಿ ಇನ್ನೊಬ್ಬರು ನೋಡುವ ಹಾಗಿಲ್ಲ. "ನೋಡಿದ್ರೆ ಇಬ್ಬರು ಎಣಿಸಿದ ಹಾಗಲ್ಲ, ಒಬ್ಬರೇ ಎರಡು ಸಲ ಬರೆದ ಹಾಗೆ" ಅನ್ನುತ್ತಿದ್ದರು.

ಇಪ್ಪತ್ತೇಳು ವರ್ಷ ಆ ಇಬ್ಬರು ನಾವೇ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಮೇಷ್ಟ್ರು, ಮೂಲೆಯ ಟ್ಯೂಬ್‌ಲೈಟಿನ ಕೆಳಗೆ ನಾನು. ಕೆಲಸಕ್ಕೆ ಸೇರಿದ ದಿನ ಅವರು ನನಗೆ ಕಲಿಸಿದ್ದು ಒಂದೇ ಮಾತು, "ಬಾಲ ಎಲ್ಲಿ ಶುರು ಆಗುತ್ತೋ ಅಲ್ಲಿಂದ ತುದಿವರೆಗೆ ಎಣಿಸು." ಅಷ್ಟೇ. ನಾನು ಎಣಿಸಿದೆ. ನನ್ನ ಒಂದು ಚೀಟಿಯೂ ತಪ್ಪು ಅಂತ ವಾಪಸ್ ಬಂದದ್ದಿಲ್ಲ. ಒಂದೂ ಇಲ್ಲ! ಅದನ್ನು ನಾನು ಎಷ್ಟು ಜನರ ಹತ್ತಿರ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಈ ವರ್ಷ ಮೇಷ್ಟ್ರ ಕಣ್ಣು ಕೈಕೊಟ್ಟಿತು. ನಡುವೆ ಮಬ್ಬು. ಎದುರಿಗೆ ನಿಂತರೆ ನಮ್ಮ ಕಿವಿ ಕಾಣುತ್ತದೆ, ಮೂಗು ಕಾಣುವುದಿಲ್ಲ. ದೊಡ್ಡದಾಗಿ ಬರೆದ ಅಂಕೆಯನ್ನು ಭೂತಗನ್ನಡಿ ಹಿಡಿದು ಓರೆಗಣ್ಣಲ್ಲಿ ಓದುತ್ತಾರೆ, ಹುರುಪೆ ಎಣಿಸುವುದು ಆಗದ ಮಾತು. ಕಿಟಕಿ ಕುರ್ಚಿ ಖಾಲಿಯಾಯಿತು. ಇನ್ನು ಅದು ನನ್ನದು ಅಂತ ನಾನು ಮನಸ್ಸಿನಲ್ಲೇ ದಿಂಬು ಕೂಡ ಹೊಲಿಸಿಟ್ಟಿದ್ದೆ. ಮನಸ್ಸಿನಲ್ಲೇನು, ನಿಜವಾಗಿಯೂ ಹೊಲಿಸಿದ್ದೆ. ಯಜಮಾನರು ಮಿಕ್ಕಿದ ಬಟ್ಟೆಯಲ್ಲಿ ಹೊಲಿದುಕೊಟ್ಟಿದ್ದರು.

ಸೋಮವಾರ ಬೆಳಿಗ್ಗೆ ದಿಂಬು ಕಂಕುಳಲ್ಲಿಟ್ಟುಕೊಂಡು ಹೋದರೆ ಆ ಕುರ್ಚಿಯಲ್ಲಿ ಒಂದು ಹುಡುಗಿ ಕೂತಿತ್ತು.

"ನಮಸ್ತೆ ಆಂಟಿ" ಅಂತು.

ಆಂಟಿ! ಮೈಯೆಲ್ಲ ಉರಿದುಹೋಯಿತು.

ಮೇಷ್ಟ್ರು ಹಿಂದೆಯೇ ಬಂದರು. "ಇವಳು ಇನ್ನು ನನ್ನ ಬದಲು ಎಣಿಸ್ತಾಳೆ. ಓದಿದವಳು, ಚುರುಕಾಗಿದ್ದಾಳೆ. ಮೂರು ತಿಂಗಳು ನೋಡೋಣ, ಸರಿಹೋದ್ರೆ ಕಾಯಂ ಮಾಡಿ ಅಂತ ಕಾಗದ ಬರೀತೀನಿ. ಏನಮ್ಮ?"

"ನನ್ನನ್ನೇನು ಕೇಳೋದು ಮೇಷ್ಟ್ರೇ, ನೀವುಂಟು ನಿಮ್ಮ ಕುರ್ಚಿ ಉಂಟು" ಅಂದು ದಿಂಬನ್ನು ಜಾಡಿಗಳ ಹಿಂದೆ ತುರುಕಿದೆ.

ಮೈಕ್ರೋಸ್ಕೋಪಿನಿಂದ ತಲೆ ಎತ್ತಿದಾಗಲೆಲ್ಲ ಆ ಹುಡುಗಿ ಕಣ್ಣು ಪಿಳಿಪಿಳಿ ಮಾಡುತ್ತಿತ್ತು. ನಾನು ಪಿಳಿಪಿಳಿ ಅಂತಲೇ ಹೆಸರಿಟ್ಟೆ. ಬೇರೆ ಊರಿನದು, ಅಕ್ಕನ ಮನೆಯ ಹಜಾರದಲ್ಲಿ ಮಲಗುತ್ತದೆ, ಭಾವ ದಿನಾ ಮುಖ ಸಿಂಡರಿಸುತ್ತಾನೆ, ಕೆಲಸ ಕಾಯಂ ಆದರೆ ಬೇರೆ ಕೋಣೆ ಹಿಡಿಯಬೇಕು ಅಂತ ಕೇಳದಿದ್ದರೂ ಹೇಳುತ್ತಿತ್ತು. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಮೇಷ್ಟ್ರು ಅದರ ಪಕ್ಕ ನಿಂತು, "ಹುರುಪೆ ಅಂಚು ಬೆಳಕಿಗೆ ಹೊಳೀಬೇಕು, ಹಾಂ, ಹಾಗೆ ತಿರುಗಿಸು" ಅಂತ ಅರ್ಧರ್ಧ ಗಂಟೆ ಕಲಿಸುವರು. ನನಗೆ ಕಲಿಸಿದ್ದು ಒಂದು ಮಾತು, ಇದಕ್ಕೆ ಪುರಾಣವೇ! ನಾನು ಜಾಡಿ ಒರೆಸುವ ನೆಪದಲ್ಲಿ ಅಲ್ಲೇ ಸುಳಿದಾಡುತ್ತಿದ್ದೆ. ಒಮ್ಮೆ ಅದು ಏನೋ ಹೇಳಿತು, ಮೇಷ್ಟ್ರು ನಕ್ಕರು. ಜೋರಾಗಿ ನಕ್ಕರು. ಇಪ್ಪತ್ತೇಳು ವರ್ಷದಲ್ಲಿ ನಾನು ಅವರನ್ನು ಹಾಗೆ ನಗಿಸಿದ್ದಿಲ್ಲ. ಅಂದು ಮಧ್ಯಾಹ್ನದ ಬುತ್ತಿಯನ್ನು ತೆರೆಯದೆ ಮನೆಗೆ ವಾಪಸ್ ಒಯ್ದೆ.

ಎರಡನೇ ವಾರದ ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ ಬೀಗ ಹಾಕುವವಳು ನಾನೇ ತಾನೆ. ಅವಳ ಡಬ್ಬಿ ತೆರೆದೆ. ಕೈ ನಡುಗಿತು ಅಂತ ಹೇಳಿದರೆ ಸುಳ್ಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದೇ ಚೀಟಿ ಬಿಚ್ಚಿ ಓದಿದೆ.

ನಾನು ಹನ್ನೆರಡು ಬರೆದ ಹಾವಿಗೆ ಅವಳು ಹನ್ನೊಂದು ಬರೆದಿದ್ದಳು. ನಾನು ಹನ್ನೊಂದು ಬರೆದದ್ದಕ್ಕೆ ಹತ್ತು. ಒಂದು ಬಿಡದೆ ಎಲ್ಲದರಲ್ಲೂ ನನಗಿಂತ ಒಂದು ಕಡಿಮೆ! ಹಾಲು ಕುಡಿದಷ್ಟು ಸಂತೋಷವಾಯಿತು. ಓದಿದವಳಂತೆ, ಚುರುಕಂತೆ! ಹತ್ತರವರೆಗೆ ಎಣಿಸಲು ಬರುವುದಿಲ್ಲ ಮಹಾರಾಯಿತಿಗೆ! ಚೀಟಿಗಳನ್ನು ಇದ್ದ ಹಾಗೆ ಮಡಿಸಿಟ್ಟು, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಶನಿವಾರ ಮೇಷ್ಟ್ರು ಡಬ್ಬಿ ತೆರೆದರು. ನಾನು ಬಾಗಿಲ ಹತ್ತಿರದ ಕಪಾಟಿನ ಮುಂದೆ ನಿಂತೆ. ಒಂದು ಚೀಟಿ ಅಲ್ಲಿಂದ, ಒಂದು ಇಲ್ಲಿಂದ, ಭೂತಗನ್ನಡಿ ಹಿಡಿದು ಓದುತ್ತಾ ಹೋದರು. "ಹೊಂದಿದೆ. ಹೊಂದಿದೆ. ಇದೂ ಹೊಂದಿದೆ." ಕೊನೆಗೆ ಕನ್ನಡಿ ಕೆಳಗಿಟ್ಟು, "ಭೇಷ್. ಇಬ್ಬರದೂ ಒಂದೂ ತಪ್ಪಿಲ್ಲ" ಅಂದರು.

ಹನ್ನೆರಡಕ್ಕೂ ಹನ್ನೊಂದಕ್ಕೂ ಹೇಗೆ ಹೊಂದುತ್ತದೆ? ಅವಳ ತಪ್ಪನ್ನು ಮೇಷ್ಟ್ರು ಕಣ್ಣಾರೆ ನೋಡಿಯೂ ಮುಚ್ಚಿಡುತ್ತಿದ್ದಾರೆ! ನಾನು ಸೇರುವ ಮೊದಲು ಇಲ್ಲಿ ಎಣಿಸುತ್ತಿದ್ದ ತಮ್ಮ ಸ್ವಂತ ತಮ್ಮನನ್ನೇ ಒಂದು ಅಂಕೆಯ ತಪ್ಪಿಗೆ ಕೋಣೆಯಿಂದ ಹೊರಗೆ ಹಾಕಿದ ಮನುಷ್ಯ. ಕೇಳೋಣವೆಂದರೆ ಹೇಗೆ ಕೇಳುವುದು? 'ನಿನಗೆ ಅವಳ ಅಂಕೆ ಹೇಗೆ ಗೊತ್ತು' ಅಂದರೆ ಏನು ಹೇಳಲಿ? ನುಂಗಿಕೊಂಡೆ. ಮೂರನೇ ವಾರ, ನಾಲ್ಕನೇ ವಾರ, ಹೀಗೇ ಎರಡು ತಿಂಗಳು ಕಳೆಯಿತು. ಶುಕ್ರವಾರ ನಾನು ಕದ್ದು ನೋಡುವುದು, ಒಂದು ಕಡಿಮೆ ಇರುವುದು. ಶನಿವಾರ ಅವರು 'ಹೊಂದಿದೆ' ಅನ್ನುವುದು. ಒಳಗೊಳಗೇ ಬೆಂದು ಹೋದೆ. ಮನೆಯಲ್ಲಿ ಪಾತ್ರೆ ಕುಕ್ಕಿ ಕುಕ್ಕಿ ಇಟ್ಟು ಎರಡರ ಹಿಡಿ ಮುರಿಯಿತು.

ಆಗಲೇ ಬಂದದ್ದು ರೈಲು ನಿಲ್ದಾಣದ ಹಿಂದಿನ ನರ್ಸರಿಯ ಹದಿನಾಲ್ಕು ಹಾವು. ಹಡಗಿನಲ್ಲಿ ದೂರದಿಂದ ಬಂದ ಹೂಕುಂಡಗಳ ಅಡಿಯಲ್ಲಿ ಸಿಕ್ಕಿದವು. ಮೇಷ್ಟ್ರಿಗೆ ಮಕ್ಕಳಷ್ಟು ಆಸೆ. "ಇವು ನಮ್ಮವೇನಾ, ಬೇರೆ ಬಗೆಯವಾ, ಬಾಲ ನೋಡಿದ್ರೆ ಗೊತ್ತಾಗುತ್ತೆ. ಜೋಪಾನವಾಗಿ ಎಣಿಸಿ" ಅಂದರು.

ನನ್ನ ತಲೆಯಲ್ಲಿ ಬೇರೆಯದೇ ಎಣಿಕೆ ನಡೆಯುತ್ತಿತ್ತು. ಒಂದರ ವ್ಯತ್ಯಾಸವನ್ನು ಮುಚ್ಚಿ ಹಾಕುತ್ತೀರಲ್ಲವೇ, ಎರಡನ್ನು ಹೇಗೆ ಮುಚ್ಚುತ್ತೀರೋ ನೋಡೇಬಿಡೋಣ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೊದಲ ಹಾವಿನ ಬಾಲ ಎಣಿಸಿದೆ, ಹನ್ನೆರಡು ಬಂತು. ಚೀಟಿಯಲ್ಲಿ ಹದಿಮೂರು ಅಂತ ಬರೆದೆ. ಎಷ್ಟು ಬಂದರೂ ಅದಕ್ಕೊಂದು ಸೇರಿಸಿ ಹದಿನಾಲ್ಕು ಚೀಟಿ ಬರೆದೆ. ಜೀವಮಾನದಲ್ಲಿ ನಾನು ಬರೆದ ಮೊದಲ ಸುಳ್ಳು ಅಂಕೆಗಳು ಅವು. ಕೈ ಬರಹ ಮಾತ್ರ ಎಂದಿನಂತೆ ದುಂಡಗೇ ಇತ್ತು.

ಶನಿವಾರ ಮೊದಲ ಜೋಡಿ ಚೀಟಿಗೇ ಮೇಷ್ಟ್ರ ಕೈ ನಿಂತಿತು. ಎಲ್ಲವನ್ನೂ ಎರಡೆರಡು ಸಲ ಓದಿದರು. ಆಮೇಲೆ ಹುಡುಗಿಯನ್ನು ಕರೆದರು. ನಾನು ಜಾಡಿ ಹಿಡಿದು ಬಾಗಿಲ ಹೊರಗೇ ನಿಂತೆ.

"ಇದೇನಿದು? ಮೊದಲನೇ ಹಾವು, ನಿನ್ನದು ಹನ್ನೊಂದು. ಜಾಡಿಯಮ್ಮನದು ಹನ್ನೆರಡು. ಹದಿನಾಲ್ಕಕ್ಕೆ ಹದಿನಾಲ್ಕೂ ಒಂದು ಕಡಿಮೆ ಬರೆದಿದ್ದೀಯ!"

"ಸರ್, ನಾನು ಮೂರು ಸಲ ಎಣಿಸಿದೆ..."

"ಎಣಿಸಿಲ್ಲ ನೀನು. ಹಳೇ ಹಾವಿಗೆ ಬಂದ ಅಂಕೇನೇ ಇದಕ್ಕೂ ಬರೆದಿದ್ದೀಯ. ಇವು ಬೇರೆ ಬಗೆ ಹಾವು ಕಣಮ್ಮ! ನಾನು ಮೂವತ್ತು ವರ್ಷದಿಂದ ಇಂಥದ್ದಕ್ಕೆ ಕಾಯ್ತಿದ್ದೀನಿ, ನೀನು ನೋಡದೇ ಗೀಚಿ ಹಾಕಿದ್ದೀಯ."

"ಜಾಡಿಯಮ್ಮ ಆಂಟಿಗೇ ಏನಾದ್ರೂ ತಪ್ಪಾಗಿ..."

"ಸುಮ್ನಿರು! ಅವಳ ಎಣಿಕೆ ಅನುಮಾನ ಪಡೋ ಬದಲು ನಾನು ನನ್ನ ಹುಟ್ಟಿದ ದಿನಾನೇ ಅನುಮಾನ ಪಡ್ತೀನಿ. ಸೋಮವಾರ ಕಾಗದ ಬರೆದುಬಿಡ್ತೀನಿ. ನೀನು ಬೇರೆ ಕೆಲಸ ನೋಡ್ಕೋ."

ಇದನ್ನು ಕೇಳಲು ತಾನೆ ನಾನು ಎರಡು ತಿಂಗಳಿಂದ ಕಾದದ್ದು? ಆದರೆ ಕಿವಿಗೆ ಬಿದ್ದದ್ದು ಬೇರೆ. ಜಾಡಿಯಮ್ಮನದು ಹನ್ನೆರಡು ಅಂದರು. ನಾನು ಬರೆದದ್ದು ಹದಿಮೂರು! ಅವರ ಕಣ್ಣು ತಪ್ಪಿ ಓದಿತೇ? ಒಂದು ಚೀಟಿಯಾದರೆ ಸರಿ, ಹದಿನಾಲ್ಕನ್ನೂ ಹೇಗೆ ತಪ್ಪಿ ಓದುತ್ತಾರೆ?

ಹುಡುಗಿ ಹೊರಗೆ ಬಂದು ಸೀದಾ ನನ್ನ ಮೂಲೆಗೆ ಬಂತು. ಮೂಗು ಕೆಂಪಗಾಗಿತ್ತು.

"ಅಕ್ಕಾ" ಅಂತು. ಮೊದಲ ಸಲ. "ಅಕ್ಕಾ, ನೀವು ಎಣಿಸೋದನ್ನ ಒಂದು ಸಲ ತೋರಿಸಿ. ನಾನು ಎಲ್ಲಿ ತಪ್ತಿದ್ದೀನಿ ಅಂತ ಗೊತ್ತಾಗ್ಲಿ. ಹೋಗೋದಂತೂ ಹೋಗ್ತೀನಿ, ಕಲಿತಾದ್ರೂ ಹೋಗ್ತೀನಿ."

ಅದೇ ತಟ್ಟೆಯಿಂದ ಮೊದಲ ಹಾವನ್ನು ಇಟ್ಟು, ಸೂಜಿ ಹಿಡಿದು, ಜೋರಾಗಿ ಎಣಿಸಿದೆ. ಒಂದು, ಎರಡು, ಮೂರು. ಅಭ್ಯಾಸ ಬಲ, ಸುಳ್ಳು ಸೇರಿಸುವುದು ಮರೆತೇಹೋಯಿತು. ಹತ್ತು, ಹನ್ನೊಂದು. ಸೂಜಿ ಮುಳ್ಳಿನ ಮೇಲೆ ನಿಂತಿತು. "ಹನ್ನೆರಡು."

"ಅಕ್ಕ, ಮುಳ್ಳನ್ನೂ ಎಣಿಸ್ತೀರಾ?"

"ಮತ್ತೆ? ತುದಿವರೆಗೆ ಅಂದ್ರೆ ತುದಿವರೆಗೆ. ಮುಳ್ಳೇ ತಾನೆ ತುದಿ?"

ಅವಳು ಕಣ್ಣು ಪಿಳಿಪಿಳಿ ಮಾಡಿದಳು. "ಮುಳ್ಳು ಬಿಟ್ಟು ಎಣಿಸು ಅಂತ ಸರ್ ಮೊದಲನೇ ದಿನಾನೇ ಹೇಳಿದ್ರು. ಮುಳ್ಳು ಹುರುಪೆ ಲೆಕ್ಕಕ್ಕೆ ಬರಲ್ಲ ಅಂತ ಎಲ್ಲಾ ಪುಸ್ತಕದಲ್ಲೂ ಇದೆ." ಆಮೇಲೆ ತಾನೇ ಸಮಾಧಾನ ಹೇಳಿಕೊಂಡಳು. "ಇರ್ಲಿ ಬಿಡಿ. ನಿಮಗೆ ಗೊತ್ತಿಲ್ದೇ ಇರುತ್ತಾ? ನಾನೇ ತಪ್ಪು ಕೇಳಿಸ್ಕೊಂಡಿರ್ಬೇಕು."

ಆ ಸಂಜೆ ಮನೆಯಲ್ಲಿ ಯಜಮಾನರು ಯಾರದೋ ಅಂಗಿಗೆ ಅಳತೆ 'ಮೂವತ್ತೊಂಬತ್ತು' ಅಂತ ಗೊಣಗಿ, ಪುಸ್ತಕದಲ್ಲಿ ಮೂವತ್ತೆಂಟು ಅಂತ ಬರೆದುಕೊಂಡರು. ನಾನು ತರಕಾರಿ ಹೆಚ್ಚುತ್ತಾ ನಡೆದದ್ದನ್ನೆಲ್ಲ ಹೇಳಿದೆ. ಕದ್ದು ನೋಡಿದ್ದನ್ನೂ, ಸುಳ್ಳು ಬರೆದದ್ದನ್ನೂ ಬಿಡದೆ ಹೇಳಿದೆ. "ರೀ, ಹದಿಮೂರು ಬರೆದ್ರೆ ಹನ್ನೆರಡು ಅಂತಾರೆ. ಹನ್ನೆರಡು ಬರೆದ್ರೆ ಅವಳ ಹನ್ನೊಂದಕ್ಕೆ ಹೊಂದುತ್ತೆ ಅಂತಾರೆ. ಇದೇನು ಮಾಯ?"

ಅವರು ಕೊರಳಿಂದ ಟೇಪು ತೆಗೆದು ನನ್ನ ಮುಂದಿನ ಮಣೆಯ ಮೇಲೆ, ಹೆಚ್ಚಿದ ತರಕಾರಿಯ ಪಕ್ಕ ಇಟ್ಟರು. ಹರಿದ ತುದಿ ನನ್ನ ಕಡೆಗಿತ್ತು.

"ಇದರ ಮೇಲೆ ನನಗೆ ಎಷ್ಟು ನಂಬಿಕೆ ಅಂದ್ರೆ" ಅಂದರು, "ಹೊಸದು ಕೊಟ್ರೂ ಬೇಡ ಅಂದೆ, ನೆನಪಿದೆಯಾ? ಇಷ್ಟು ವರ್ಷ ಆ ಮನುಷ್ಯ ನಿನ್ನಿಂದ ಒಂದು ಕಳೀತಾ ಬಂದಿದ್ದಾರೆ ಕಣೇ."

ನನಗೆ ಅಳು ಬಂತು. ಮೊದಲು ಬಂದದ್ದು ಅವಮಾನದ ಅಳು, ಸುಳ್ಳು ಯಾಕೆ ಹೇಳಲಿ. ಇಪ್ಪತ್ತೇಳು ವರ್ಷದ ನನ್ನ ಹೆಮ್ಮೆಯೆಲ್ಲ ಒಂದು ಮುಳ್ಳು! ಆ ಹುಡುಗಿಯ ನೆನಪು ಬಂದದ್ದು ಆಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನನ್ನ ಹೊಟ್ಟೆಯುರಿಗೆ ಅವಳು ಬೀದಿಗೆ ಬೀಳುತ್ತಿದ್ದಳು.

ಸೋಮವಾರ ಎಲ್ಲರಿಗಿಂತ ಮುಂಚೆ ಹೋದೆ. ಹಳೆಯ ಚೀಟಿಗಳ ಕಟ್ಟು ಬಿಚ್ಚಿ, ಮೇಷ್ಟ್ರ ಪುಸ್ತಕ ಪಕ್ಕಕ್ಕಿಟ್ಟುಕೊಂಡೆ. ಆ ಪುಸ್ತಕ ಅಚ್ಚಾಗಿ ಬಂದಾಗ ನಾನು ನೋಡಿದ್ದು ಕೊನೆಯಲ್ಲಿ ನನ್ನ ಹೆಸರಿದೆಯಾ ಅಂತ ಮಾತ್ರ. ಈಗ ಅಂಕೆ ನೋಡಿದೆ. ಜಾಡಿ ಇನ್ನೂರ ಹನ್ನೆರಡು: ನನ್ನ ಚೀಟಿಯಲ್ಲಿ ಹನ್ನೆರಡು, ಪುಸ್ತಕದಲ್ಲಿ ಹನ್ನೊಂದು. ಜಾಡಿ ಇನ್ನೂರ ಹದಿಮೂರು: ನನ್ನದು ಹನ್ನೊಂದು, ಪುಸ್ತಕದಲ್ಲಿ ಹತ್ತು. ಇಪ್ಪತ್ತು ಜಾಡಿ ನೋಡಿ ಪುಸ್ತಕ ಮುಚ್ಚಿದೆ.

ಮೇಷ್ಟ್ರು ಬಂದು ಕಾಗದ, ಪೆನ್ನು ತೆಗೆದಿಟ್ಟುಕೊಂಡರು.

"ಮೇಷ್ಟ್ರೇ, ಬರೀಬೇಡಿ" ಅಂದೆ. "ಆ ಹುಡುಗಿ ಸರಿಯಾಗೇ ಎಣಿಸಿದ್ದಾಳೆ. ನಾನು ಸುಳ್ಳು ಬರೆದೆ."

ಎಲ್ಲ ಹೇಳಿದೆ. ಕುರ್ಚಿ, ದಿಂಬು, ಡಬ್ಬಿ, ಹದಿನಾಲ್ಕು ಚೀಟಿ. ಅವರು ಓರೆಯಾಗಿ, ನನ್ನ ಕಿವಿಯ ಕಡೆ ನೋಡುತ್ತಾ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಹಾಗಾದ್ರೆ ಅವು ಬೇರೆ ಬಗೆ ಹಾವಲ್ಲ."

"ಅಲ್ಲ ಮೇಷ್ಟ್ರೇ. ನಮ್ಮವೇ."

ಪೆನ್ನಿನ ಮುಚ್ಚಳ ಹಾಕಲು ಹುಡುಕಾಡಿದರು, ನಾನೇ ತೆಗೆದುಕೊಟ್ಟೆ. "ಮುಳ್ಳು ಬಿಡು ಅಂತ ನಿನಗೆ ಹೇಳೋದು ನಾನೇ ಮರೆತಿದ್ದೆ" ಅಂದರು ಮೆಲ್ಲಗೆ. "ಮೊದಲನೇ ವಾರದಲ್ಲೇ ಗೊತ್ತಾಯ್ತು. ಹೇಳೋಣ ಅಂತ ನಿನ್ನ ಮೇಜಿನವರೆಗೂ ಬಂದೆ. ಆಮೇಲೆ ಲೆಕ್ಕ ಹಾಕಿ ನೋಡಿದೆ. ನನ್ನದು ನೂರಕ್ಕೆ ಎರಡು ಮೂರು ತಪ್ಪು ಬರ್ತಿತ್ತು. ನಿನ್ನದು ನೂರಕ್ಕೆ ನೂರೂ ಒಂದೇ ಹೆಚ್ಚು. ಹೇಳಿದ್ರೆ ಒಂದು ದಿನ ನೆನಪಾಗಿ ಮುಳ್ಳು ಬಿಡ್ತೀಯ, ಒಂದು ದಿನ ಮರೆತು ಸೇರಿಸ್ತೀಯ. ಆಗ ನಾನು ಯಾವುದನ್ನ ನಂಬ್ಲಿ? ಹೇಳದೇ ವಾಪಸ್ ಹೋದೆ."

ನಾನು ಬಿಚ್ಚಿದ ಹಳೆಯ ಚೀಟಿಗಳನ್ನು ಮತ್ತೆ ಕಟ್ಟತೊಡಗಿದೆ.

"ನಮ್ಮಿಬ್ಬರ ಚೀಟಿ ಹೊಂದದೇ ಇದ್ದಾಗ ನಾನು ಏನು ಮಾಡ್ತಿದ್ದೆ ಗೊತ್ತಾ? ನನ್ನದನ್ನ ಹರಿದು ಹಾಕ್ತಿದ್ದೆ. ನಿನ್ನದನ್ನ ಒಂದು ಸಲಾನೂ ಅಲ್ಲ."

"ಮತ್ತೆ ಕಿಟಕಿ ಕುರ್ಚಿ ಅವಳಿಗೆ ಯಾಕೆ ಕೊಟ್ರಿ?" ಅಂತ ಕೇಳಿಯೇಬಿಟ್ಟೆ. ನಾಚಿಕೆಗೇಡು ಅಂತ ಗೊತ್ತಿತ್ತು, ಆದರೂ ಕೇಳಿದೆ.

"ಹೊಸಬಳು. ಅವಳಿಗೆ ಬೆಳಕು ಬೇಕು. ನಿನಗೆ ಬೇಕು ಅಂತ ನನಗೆ ಹೊಳೀಲೇ ಇಲ್ಲ."

ಹುಡುಗಿಗೆ ನಾನೇ ಹೇಳಬೇಕು ಅಂದರು. ಹೇಳಿದೆ. ಅವಳು ಚೀಲವನ್ನು ಹೆಗಲಿಗೆ ಹಾಕಿಕೊಂಡೇ ನಿಂತು ಕೇಳಿದಳು. ಮೇಷ್ಟ್ರ ಕಡೆ ತಿರುಗಿ, "ಹದಿನಾಲ್ಕೂ ಮತ್ತೆ ಎಣಿಸ್ಬೇಕಾ ಸರ್?" ಅಂದಳು. ಹೌದು ಅಂದರು. ಚೀಲ ಇಳಿಸಿ ಕಿಟಕಿ ಪಕ್ಕ ಕೂತಳು.

ನಾನು ಹೊರಡುವವಳಿದ್ದೆ. ಇನ್ನು ನನ್ನಿಂದ ಏನು ಕೆಲಸ? ಮುಳ್ಳಿನ ವಿಷಯ ನನಗೆ ಗೊತ್ತಾಗಿಹೋಗಿತ್ತು. ನನ್ನ ಚೀಟಿಯಲ್ಲಿ ಹನ್ನೊಂದು ಅಂತಿದ್ದರೆ ಅದು ಮುಳ್ಳು ಕಳೆದ ಹನ್ನೊಂದೋ ಕಳೆಯದ ಹನ್ನೊಂದೋ ಅಂತ ಮೇಷ್ಟ್ರು ಹೇಗೆ ತಿಳಿಯುವುದು? ಅವರು ನನ್ನ ಮನಸ್ಸು ಓದಿದವರ ಹಾಗೆ, "ಹಳೇ ಥರಾನೇ ಎಣಿಸೋಕೆ ಆಗುತ್ತಾ?" ಅಂತ ಕೇಳಿದರು.

"ಆಗುತ್ತೆ" ಅಂದೆ.

ಆ ವಾರವಿಡೀ ಎಣಿಸಿದೆ. ಒಂದೊಂದು ಬಾಲದಲ್ಲೂ ಸೂಜಿ ಮುಳ್ಳಿಗೆ ಬಂದಾಗ ಕೈ ಹಿಂದೆ ಸರಿಯುತ್ತಿತ್ತು. ತಪ್ಪು ಅಂತ ಗೊತ್ತಿದ್ದೂ ಅದನ್ನು ಮುಟ್ಟಿ, ಎಣಿಸಿ, ಬರೆದೆ. ಶುಕ್ರವಾರ ಸಂಜೆ ಬೀಗ ಹಾಕುವ ಕೆಲಸವನ್ನು ಕಾವಲುಗಾರನಿಗೆ ವಹಿಸಿ, ಎಲ್ಲರಿಗಿಂತ ಮೊದಲೇ ಮನೆಗೆ ಹೋದೆ.

ಶನಿವಾರ ಮೇಷ್ಟ್ರು ಇಬ್ಬರನ್ನೂ ಒಳಗೆ ಕೂರಿಸಿಕೊಂಡು ಡಬ್ಬಿ ತೆರೆದರು. "ಹೊಂದಿದೆ" ಅಂದರು. "ಹೊಂದಿದೆ." ಹದಿಮೂರು ಸಲ ಅಂದರು. ನನ್ನ ಎದೆ ಹಗುರಾಗತೊಡಗಿತ್ತು. ಹದಿನಾಲ್ಕನೆಯದಕ್ಕೆ ನಿಂತರು. ಹುಡುಗಿಯ ಚೀಟಿ ನೋಡಿದರು, ನನ್ನ ಚೀಟಿ ನೋಡಿದರು, ಮತ್ತೆ ಹುಡುಗಿಯದನ್ನು ನೋಡಿದರು.

"ಇದು ಹೊಂದಲ್ಲ."

ಅವರ ಎರಡೂ ಕೈಯಲ್ಲಿ ಒಂದೊಂದು ಚೀಟಿ. ಹರಿಯುತ್ತಾರೆ ಅಂತ ಕಾದೆ. ಅವಳದನ್ನು ಹರಿಯಲಿ ಅಂತ ದೇವರನ್ನು ಬೇಡಿಕೊಂಡೆ. ಅಷ್ಟೆಲ್ಲ ಆದ ಮೇಲೂ ಬೇಡಿಕೊಂಡೆ ನೋಡಿ, ಹುಟ್ಟುಗುಣ ಸುಟ್ಟರೂ ಹೋಗದು.

ಮೇಷ್ಟ್ರು ಯಾವುದನ್ನೂ ಹರಿಯಲಿಲ್ಲ. ಎರಡನ್ನೂ ಮಡಿಸಿ ಮೇಜಿನ ಮೇಲೆ ಮುಂದಕ್ಕೆ ತಳ್ಳಿದರು.

"ಇಬ್ಬರೂ ಮತ್ತೆ ಎಣಿಸಿ" ಅಂದರು.

ಇಪ್ಪತ್ತೇಳು ವರ್ಷದಲ್ಲಿ ನನ್ನ ಚೀಟಿ ವಾಪಸ್ ಬಂದದ್ದು ಅದೇ ಮೊದಲು. ಹುಡುಗಿ ತಟ್ಟೆ ತೆಗೆದುಕೊಂಡು ಹೋಗಿ ತನ್ನ ಕಿಟಕಿಯಲ್ಲಿ ಕೂತು ಎಣಿಸಿದಳು, ಬರೆದಳು, ಮಡಿಸಿದಳು. ಆಮೇಲೆ ತಟ್ಟೆಯನ್ನು ತಂದು ನನ್ನ ಮೂಲೆಯ ಮೇಜಿನ ಮೇಲಿಟ್ಟು, "ಆಂಟಿ, ನಿಮ್ಮದು" ಅಂದಳು. ನಾನು ಟ್ಯೂಬ್‌ಲೈಟ್ ಹಾಕಿ, ಸೂಜಿ ಹಿಡಿದು, ಮೊದಲಿನಿಂದ ಎಣಿಸಲು ಶುರುಮಾಡಿದೆ, ಮುಳ್ಳನ್ನೂ ಸೇರಿಸಿ.